ತೋಟಾ ಇಲ್ಲದ ಕೋವಿ

ನಿಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯವರ ಹತ್ತಿರ ಅಜ್ಜನ ಕಾಲದ ಕೋವಿಯೊಂದಿತ್ತು. ತೋಟಾ ಮಾತ್ರ ಸಾಗರದ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಸಿಕ್ಕಿದರೂ ಮುಟ್ಟುವ ಬೆಲೆಯಲ್ಲ. ಅವರು ಖಾಲಿ ಕೋವಿಯನ್ನೇ ಹೆಗಲಿಗೆ ಆನಿಸಿ ಒಂದು ಕಣ್ಣು ಮುಚ್ಚುತ್ತಿದ್ದರು. ಬಾಳೆಗೊನೆಗೆ ಬಂದ ಮಂಗಗಳೆಲ್ಲ ಪರಾರಿ.

"ತೋಟಾ ಇಲ್ಲ ಅಂತ ಮಂಗಕ್ಕೆ ಹೇಳ್ಬೇಡಿ ಮಾರಾಯ್ರೇ" ಅನ್ನುವುದು ಅವರ ಮಾಮೂಲಿ ಮಾತು.

ಹಳೇ ಕೋವಿಗಳ ಬೆಲೆ ಏರುತ್ತಲೇ ಇತ್ತು. ಇನ್ನು ತಡಮಾಡಿದರೆ ಕೈತಪ್ಪೀತೆಂದು ಡಿಸಿ ಆಫೀಸಿಗೆ ಅಲೆದು, ಲೈಸೆನ್ಸ್ ಮಾಡಿಸಿ, ಪಕ್ಕದ ಮನೆಯವರು ಹೇಳಿದಷ್ಟು ಕೊಟ್ಟು ನಾನೇ ಅದನ್ನು ಕೊಂಡೆ. ಮರುದಿನ ಬೆಳಿಗ್ಗೆ ಗುರಿ ಹಿಡಿದು ನಿಂತೆ. ಮಂಗ ನನ್ನನ್ನೇ ನೋಡುತ್ತ ಇನ್ನೊಂದು ಹಣ್ಣು ಸುಲಿಯಿತು.

ಬೇಲಿಯಾಚೆಯಿಂದ ಅವರು ತಮ್ಮ ಕೊಡೆಯನ್ನು ಹೆಗಲಿಗೇರಿಸಿ ಒಂದು ಕಣ್ಣು ಮುಚ್ಚಿದರು. ಹಿಂಡಿಗೆ ಹಿಂಡೇ ಓಡಿತು.

"ಆ ಕೊಡೆ ಎಷ್ಟಕ್ಕೆ ಕೊಡ್ತೀರಿ?" ಎಂದು ಕೇಳಿಯೇಬಿಟ್ಟೆ.