ಅಳಿಸದೆ ಮುಚ್ಚಿದ ಹೆಸರು

ಮೊಮ್ಮಕ್ಕಳೇ, ನಾನು ಹುಮನಾಬಾದಿನಲ್ಲಿ ಒಂದು ಹೊಲಿಗೆ ಯಂತ್ರದ ಅಂಗಡಿಯಲ್ಲಿ ಕೆಲಸಕ್ಕಿದ್ದೆ ಎಂಬುದು ನಿಮಗೆ ಗೊತ್ತು. ಆ ಕೆಲಸ ಬಿಟ್ಟ ದಿನದ ಸಂಗತಿಯನ್ನು ಮಾತ್ರ ನಿಮ್ಮಮ್ಮನಿಗೂ ಹೇಳಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡದ್ದು ತೊಂಬತ್ತರ ದಶಕದ ಮೊದಲಿಗೆ. ಆಮೇಲೆ ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹೋಗಿಬರತೊಡಗಿದೆ. ಹಳ್ಳಿ ಶಾಲೆಯಲ್ಲಿ ಓದಿದವಳು, ಆದರೆ ಅಕ್ಷರ ದುಂಡಗಿದ್ದವು. ಯಂತ್ರ ಕೊಂಡ ಹೆಣ್ಣುಮಕ್ಕಳಿಗೆ ಎಣ್ಣೆ ಬಿಡಲು, ಸರ್ವಿಸ್ ಮಾಡಿಸಲು ನೆನಪಿಸುವ ಕಾರ್ಡು ಬರೆಯುವುದು ನನ್ನ ಕೆಲಸ. ಮುಂದೆ ಮೊಬೈಲ್ ಬಂದವು. ಕಾರ್ಡಿನ ಬದಲು ಕಂಪ್ಯೂಟರಿನಿಂದ ಸಂದೇಶ ಹೋಗತೊಡಗಿತು. ಅದರಲ್ಲಿ ಅಂಗಡಿಯ ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್, ಅವರವರ ಗಿರಾಕಿಗಳು. ದುಬಲಗುಂಡಿ, ಕೊಡಂಬಲದ ಹೊಲಿಗೆಯವರೆಲ್ಲ ನನ್ನ ಹೆಸರಿನಡಿ ಇದ್ದರು. ಎದುರಿಗೆ ಬಂದವರನ್ನು ಕತ್ತೆತ್ತಿ ನೋಡದ ನಾನು ಸಂದೇಶದಲ್ಲಿ ಧಾರಾಳವಾಗಿ ಮಾತಾಡುತ್ತಿದ್ದೆ.

ಒಮ್ಮೆ ಒಬ್ಬ ಸೇಲ್ಸ್‌ಮನ್ ನಮ್ಮಲ್ಲಿ ಕೆಲಸ ಬಿಟ್ಟು ಎದುರಿನ ಅಂಗಡಿ ಸೇರಿದ. ಮುಲಾಜಿಗೆ ಬಿದ್ದು ಕಂಪ್ಯೂಟರಿನಲ್ಲಿದ್ದ ಅವನ ಹೆಸರನ್ನು ಯಾರೂ ಮುಚ್ಚಲಿಲ್ಲ, ಅವನ ಪಾಸ್‌ವರ್ಡ್ ನಡೆಯುತ್ತಲೇ ಇತ್ತು. ಇಂಟರ್‌ನೆಟ್ ಇದ್ದಲ್ಲಿ ಎಲ್ಲಿಂದಲಾದರೂ ತೆರೆಯುವ ಸಾಫ್ಟ್‌ವೇರ್ ಅದು. ಅವನು ಅಲ್ಲೇ ಕೂತು, ನಮ್ಮ ಅಂಗಡಿಯ ಹೆಸರಿನಲ್ಲೇ ನಮ್ಮ ಗಿರಾಕಿಗಳನ್ನು ಆ ಅಂಗಡಿಗೆ ಕರೆದ.

ಆಮೇಲೆ ಅಂಗಡಿಯ ಮಾಲೀಕರಾದ ಸಾಹುಕಾರರು, ಬಿಟ್ಟುಹೋಗುವವರ ಹೆಸರು ಮುಚ್ಚುವ ಕೆಲಸವನ್ನು ನನಗೆ ಒಪ್ಪಿಸಿದರು. ಮೊದಲು ಅವರ ಗಿರಾಕಿಗಳನ್ನು ಇನ್ನೊಬ್ಬರ ಹೆಸರಿಗೆ ಹಾಕಬೇಕು, ಇಲ್ಲವಾದರೆ ಸಂದೇಶಗಳು ನಿಂತುಹೋಗುತ್ತವೆ. ಅವರಿಗೆ ಗೊತ್ತಿದ್ದ ಬೇರೆ ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕು. ಆಮೇಲೆ ಹೆಸರು ಮುಚ್ಚಬೇಕು. ಅಳಿಸಬಾರದು. ಅಳಿಸಿದರೆ ಅವರು ಬರೆದಿದ್ದೆಲ್ಲ ಹೋಗುತ್ತದೆ. ಮುಚ್ಚಿದ್ದನ್ನು ಬೇಕೆಂದಾಗ ಮತ್ತೆ ತೆರೆಯಬಹುದು. ಈ ಫರಕು ಅಂಗಡಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬೇರೆಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿಮ್ಮಲ್ಲಿ ದೊಡ್ಡವನು ಹುಟ್ಟಿದಾಗ ನಿಮ್ಮಮ್ಮ ನೌಕರಿಗೆ ಮರಳಬೇಕಿತ್ತು. ಕೂಸನ್ನು ನೋಡಿಕೊಳ್ಳಲು ನಾನು ಕೆಲಸ ಬಿಟ್ಟೆ. ಕೂಸು ನಡೆಯುವಂತಾದರೆ ಮತ್ತೆ ಹೋಗಬೇಕೆಂಬ ಆಸೆ ಬಹಳವಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಸಾಹುಕಾರರೇ ಕೇಳಿಯಾರು ಎಂದು ಕಡೆಯ ದಿನದವರೆಗೂ ಕಾದೆ.

ಅವರು ಕೇಳಿದ್ದು ಬೇರೆ. “ನಿಮ್ಮ ಹೆಸರ ಹಂಗೇ ಇರ್ಲಿ ಅಕ್ಕಾರೆ. ನೀವು ಮನಿ ಮಂದಿ. ತೆಗದ್ರ ಚಂದ ಕಾಣಂಗಿಲ್ಲ.”

“ಬ್ಯಾಡ್ರಿ ಸಾವ್ಕಾರ್ರೆ. ಎಲ್ಲಾರಿಗೂ ಒಂದೇ ಕಾಯ್ದೆ. ಇವತ್ತೇ ಬಂದ್ ಮಾಡಸ್ತೀನಿ.”

“ಇಷ್ಟ್ಯಾಕ ಗಡಿಬಿಡಿ ಮಾಡಾಕತ್ತೀರಿ?”

ಆ ಸೇಲ್ಸ್‌ಮನ್ ಮಾಡಿದ ಫಜೀತಿ ನನ್ನ ತಲೆಯಲ್ಲಿತ್ತು. ಅದನ್ನು ಹೇಳದೆ ಕಂಪ್ಯೂಟರಿನತ್ತ ನಡೆದೆ.

ತನ್ನ ಹೆಸರನ್ನು ತಾನೇ ಮುಚ್ಚಲು ಆ ಸಾಫ್ಟ್‌ವೇರ್ ಬಿಡುತ್ತಿರಲಿಲ್ಲ. ನನ್ನ ಜಾಗಕ್ಕೆ ಬಂದಿದ್ದ ಮನ್ನಾಏಖೇಳ್ಳಿಯ ಹುಡುಗಿಗೆ ಪಕ್ಕದಲ್ಲಿ ನಿಂತು ಹೇಳಿಕೊಟ್ಟೆ.

“ತನ್ನ ಲಗ್ನದಾಗ ತಾನೇ ಬಾಜಾ ಬಾರಿಸ್ದಂಗ ಆತಲ್ರಿ ಕಾಕೂ!” ಎಂದು ಅವಳು ನಕ್ಕಳು. “ಅಳಸಿಬಿಡ್ಲೇನ್ರಿ?”

“ಏ, ಬ್ಯಾಡವಾ! ಬಂದ್ ಮಾಡು, ಅಷ್ಟೇ.”

ನನ್ನ ದನಿ ಅಷ್ಟು ಏರಿದ್ದನ್ನು ಆ ಅಂಗಡಿ ಅದೇ ಮೊದಲು ಕೇಳಿತ್ತು. ಗಿರಾಕಿಗಳೂ ತಿರುಗಿ ನೋಡಿದರು.

ಕೂಸು ನಡೆಯಿತು, ಓಡಿತು. ಅಂಗಡಿಯಿಂದ ಕರೆ ಬರಲಿಲ್ಲ. ಅವನ ತಂಗಿಯೂ ಹುಟ್ಟಿ ಬಾಲವಾಡಿಗೆ ಹೋಗತೊಡಗಿದ ಮೇಲೆ ಒಂದು ದಿನ ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಸಾಹುಕಾರರು ಸಿಕ್ಕರು. ಅಂಗಡಿಯನ್ನು ಮಗನಿಗೆ ಒಪ್ಪಿಸಿದ್ದರು.

“ನಿಮ್ಮಂಥಾವ್ರು ಮತ್ತ ಸಿಗ್ಲಿಲ್ರಿ ಅಕ್ಕಾರೆ. ಕರೀಬೇಕಂತ ಭಾಳ ಸಲ ಮನಸಿಗೆ ಬಂದಿತ್ತು. ಆದ್ರ ನಾ ಇರ್ಲಿ ಅಂದ್ರೂ ಕೇಳ್ಲಾರ್ದ, ಮುಂದ ನಿಂತು ಹೆಸರ ತೆಗಿಸಿದ್ರಲ್ಲ. ಇವ್ರಿಗೆ ಇನ್ನ ಬರೂ ಮನಸಿಲ್ಲ ಅಂತ ಸುಮ್ನಾದೆ.”

ತೆಗೆಸಿರಲಿಲ್ಲ, ಮುಚ್ಚಿಸಿದ್ದೆ ಅಷ್ಟೇ. ಮತ್ತೆ ತೆರೆಯಲಿ ಎಂದೇ ಅಳಿಸಗೊಟ್ಟಿರಲಿಲ್ಲ. ಆದರೂ “ಹೌದ್ರಿ” ಎಂದೆ. ಅವರು ಕೈಮುಗಿದು ಬಸ್ಸು ಹತ್ತಿದರು.

ನಿಮ್ಮನ್ನು ಎತ್ತಿ ಆಡಿಸಿದ ದಿನಗಳ ಬಗ್ಗೆ ನನಗೆ ಎಂದೂ ಬೇಸರವಾಗಿಲ್ಲ, ಇದನ್ನು ತಪ್ಪು ತಿಳಿಯಬೇಡಿ. ಬೇಸರ ಆ “ಹೌದ್ರಿ”ಯ ಬಗ್ಗೆ.