ಇನ್‌ಸ್ಪೆಕ್ಟ್ರಮ್ಮ ಬತ್ತಾರಂತೆ

ಮೊನ್ನೆ ಕೊಬ್ಬರಿ ಗಿಟುಕು ಹೆಚ್ಚುತ್ತಿದ್ದೆ. ಆ ವಾಸನೆಗೆ ನಮ್ಮ ಆಫೀಸಿನಲ್ಲಿದ್ದ ಹಿರಿಯ ಜವಾನರೊಬ್ಬರು ನೆನಪಾದರು. ಎಪ್ಪತ್ತರ ದಶಕದ ಕೊನೆಗೆ ನಾನು ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಶಾಲಾ ಇನ್‌ಸ್ಪೆಕ್ಟರ್ ಆಗಿ ಹೋದಾಗ ಜೀಪಿರಲಿಲ್ಲ, ಅನುಭವವಿರಲಿಲ್ಲ, ಕೋಪ ಮಾತ್ರ ಧಾರಾಳವಾಗಿತ್ತು. ಫೈಲಿನ ಚೀಲ ಹೊತ್ತು ಜೊತೆಗೆ ನಡೆಯುತ್ತಿದ್ದ ಅವರು, ನಾನು ಸಿಡುಕಿದಾಗಲೆಲ್ಲ ಜೇಬಿನಿಂದ ಕೊಬ್ಬರಿ ಬೆಲ್ಲ ತೆಗೆದು ಕೈಗಿಡುತ್ತಿದ್ದರು.

ಹಂದನಕೆರೆ ಕಡೆ ಕೂಲಿಕಾರರ ಕಾಲೋನಿಯಲ್ಲೊಂದು ಶಾಲೆಯಿತ್ತು. ಒಬ್ಬರೇ ಮೇಷ್ಟ್ರು. ಮಕ್ಕಳೇ ಬರುವುದಿಲ್ಲವೆಂದು ಅದನ್ನು ಮುಚ್ಚುವ ಮಾತು ನಡೆದು, ನಾನು ನೋಡಿ ವರದಿ ಬರೆಯಬೇಕಿತ್ತು. ಹೋದರೆ ಶಾಲೆ ತುಂಬ ಮಕ್ಕಳು! ತಲೆಗೆ ಎಣ್ಣೆ, ಹಣೆಗೆ ವಿಭೂತಿ... ಯಾರಿಗೂ ಹೇಳದೆ ಮತ್ತೊಮ್ಮೆ ಹೋದೆ. ಆಗಲೂ ಅಷ್ಟೇ. ಮೂರನೆಯ ಸಲ ಒಬ್ಬ ತಾಯಿ ಬಾಯಿಬಿಟ್ಟಳು.

"ನೀವು ಬತ್ತೀರಂತ ಬಸ್ಸಿನ ಕಂಡಕ್ಟ್ರು ಹೇಳಿದ್ರು ಕಣ್ರವ್ವ. ಅದ್ಕೇ ಮಗೀನ ತೋಟಕ್ಕೆ ಕಾಯಿ ಆಯಕ್ಕೆ ಕಳಿಸ್ನಿಲ್ಲ."

ಕಂಡಕ್ಟರಿಗೆ ಹೇಳಿದವರು ಯಾರು? ಪಕ್ಕದಲ್ಲಿ ನಮ್ಮ ಜವಾನರು ಆಕಾಶ ನೋಡುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದಾರಿಯುದ್ದಕ್ಕೂ ಬೈದೆ. ಇದು ಮೋಸ, ಮೆಮೊ ಕೊಡುತ್ತೇನೆ ಎಂದೆ.

"ಮೋಸ ಎಂಗಾಯ್ತದೆ ಅಮ್ಮಾರೆ? ಬಂದಿರೋ ಮಕ್ಳು ನಿಜವಾದ ಮಕ್ಳೇ ತಾನೆ? ವಾರ ವಾರ ಸುದ್ದಿ ಕಳುಸ್ತೀನಿ. ಯಾವ ದಿನ ಅಂತ ಹೇಳಾಕಿಲ್ಲ. ನೀವು ಬತ್ತೀರಂತ ವಾರವೆಲ್ಲ ಸ್ಕೂಲಿಗೆ ಕಳುಸ್ತಾರೆ. ಮೇಷ್ಟ್ರೂ ಹೊತ್ಗೆ ಸರಿಯಾಗಿ ಬತ್ತಾರೆ."

ಆಫೀಸಿಗೆ ಮರಳಿ ಶಾಲೆಯ ಹಾಜರಿ ಪುಸ್ತಕ ತರಿಸಿ ನೋಡಿದೆ. ಎರಡು ತಿಂಗಳಿಂದ ಮಕ್ಕಳು ದಿನವೂ ಬಂದಿದ್ದರು. ಶಾಲೆ ಉಳಿಯಲಿ ಎಂದು ಬರೆದೆ, ಉಳಿಯಿತು. ಅಂದಿನಿಂದ ಪ್ರತಿ ಸೋಮವಾರ ನಾಲ್ಕೂ ದಿಕ್ಕಿನ ಬಸ್ಸುಗಳಲ್ಲಿ ನಾನು ಬರುವ ಸುದ್ದಿ ಹೊರಡುತ್ತಿತ್ತು. ಆದರೆ ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ ಆ ಪುಣ್ಯಾತ್ಮರು. "ಆಗಾಗ ಹೋಗ್ಲೇಬೇಕು ಅಮ್ಮಾರೆ, ಇಲ್ದಿದ್ರೆ ಮಾತು ಸುಳ್ಳಾಗೋಯ್ತದೆ" ಎಂದು ಉರಿಬಿಸಿಲಲ್ಲೂ ಎಬ್ಬಿಸಿ ಹೊರಡಿಸುತ್ತಿದ್ದರು. ಅಧಿಕಾರಿಯ ಕೆಲಸವೇನೆಂದು ನಾನು ಕಲಿತದ್ದು ಅವರ ಹಿಂದೆ ನಡೆದು.

ತಾವು ನಿವೃತ್ತರಾದ ದಿನ, ಬಿಳಿಗೆರೆಯ ತಮ್ಮ ಮನೆಗೆ ಒಮ್ಮೆ ಬನ್ನಿ ಎಂದು ಕರೆದರು. ಬರ್ತೀನಿ ಎಂದೆ. ಆಮೇಲೆ ವರ್ಗವಾಯಿತು, ಮಕ್ಕಳ ಓದು, ಅದು ಇದು... ಕೊನೆಗೆ ಹೋದದ್ದು ಅವರು ತೀರಿಕೊಂಡ ಸುದ್ದಿ ತಿಳಿದ ಮೇಲೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು.

"ನಮ್ಮ ಅಮ್ಮಾರು ಹೇಳುದ್ರೆ ಬಂದೇ ಬತ್ತಾರೆ ಅಂತಿದ್ರು ಕಣವ್ವ" ಎಂದರು.

ನಾನೂ ನಿವೃತ್ತಳಾಗಿ ಬಹಳ ವರ್ಷವಾಯಿತು. ಈಗ ಯಾರಿಗಾದರೂ ಬರ್ತೀನಿ ಎಂದರೆ, ಮಾತು ಸುಳ್ಳಾಗದಂತೆ ಆ ವಾರವೇ ಹೊರಟುಬಿಡುತ್ತೇನೆ.