ಪೂವಮ್ಮನ ನೀಲಿ ಗೋಡೆ

ಗುರುವಾಯನಕೆರೆಯ ಮೊದಲ ಬಸ್ಸು ಇನ್ನೂ ಕೆಮ್ಮಿ ಎದ್ದಿಲ್ಲ, ಸಂಕಪ್ಪನವರ ಸಾರಾಯಿ ಗಡಂಗಿನೊಳಗೆ ಪೂವಮ್ಮನ ಬೈಗುಳ ಆಗಲೇ ಶುರುವಾಗಿದೆ. ಕೈಯಲ್ಲಿ ತೆಂಗಿನ ಗೆರಟೆ, ಎದುರಿಗೆ ನೀಲಿ ಗೋಡೆ, ಗೋಡೆಯ ತುಂಬ ಬಿಳಿ ಬೆರಳ ಗುರುತು. ವೀಳ್ಯದೆಲೆಗೆ ಹಚ್ಚಿ ಉಳಿದ ಸುಣ್ಣವನ್ನೆಲ್ಲ ಗಿರಾಕಿಗಳು ಗೋಡೆಗೇ ಒರೆಸಿ ಹೋಗಿದ್ದಾರೆ. ಒಂದೇ ದಿನದ ಬೆಳೆ. ಕೆರೆದು ರಾಶಿ ಹಾಕಿದರೆ ಮೂಡುಬಿದಿರೆ ಪೇಟೆಗೆಲ್ಲ ಬಳಿದು ಬೆಳ್ತಂಗಡಿಗೂ ಮಿಕ್ಕೀತು!

"ಅವರವರು ಉಟ್ಟ ಮುಂಡಿಗೆ ಒರೆಸಿದ್ರೆ ಎಂತ ಆಗ್ತದೆ ಇವರಿಗೆ? ಬೆರಳು ಸವೀತದಾ?"

ಪಾನನಿರೋಧ ಹೋಗಿ ಗಡಂಗು ತೆರೆದಂದಿನಿಂದ ಐವತ್ತೆರಡರ ಈ ಹೆಂಗಸೇ ಇಲ್ಲಿ ಗುಡಿಸುವವಳು, ತೊಳೆಯುವವಳು, ಸಿಂಗರಿಸುವವಳು. ಆರು ಕುಂಟು ಬೆಂಚು, ಎಪ್ಪತ್ತು ಗ್ಲಾಸು, ಬೆಳ್ತಂಗಡಿವರೆಗೂ ಮೂಗಿಗೆ ಬಡಿಯುವ ಮೀನುಸಾರಿನ ಘಾಟು. ಇದರ ನಡುವೆ ಕಣ್ಣಿಗೆ ತಂಪೆಂದರೆ ಅವಳೇ ಸುಣ್ಣಕ್ಕೆ ನೀಲಿ ಬೆರೆಸಿ ಬಳಿದ ಆ ಗೋಡೆಯೊಂದೇ. ಗಂಡ ತೀರಿಕೊಂಡ ಮೇಲೆ ಅವಳ ಒಲೆ ಉರಿಯುವುದು ಈ ಕೆಲಸದಿಂದ. ಧಣಿ ಸಂಕಪ್ಪನವರು ಹೋದ ತಿಂಗಳೇ ಹೇಳಿಬಿಟ್ಟಿದ್ದಾರೆ: "ದೀಪಾವಳಿಯ ಮುನ್ನಾದಿನ ಸಂಜೆ ನೋಡ್ತೇನೆ ಪೂವಮ್ಮ. ಒಂದು ಗುರುತು ಕಂಡ್ರೂ ಬೇರೆ ಜನ ಮಾಡ್ತೇನೆ."

ದೇವರ ಮುಖಕ್ಕೆ ಯಾರು ಸುಣ್ಣ ಒರೆಸುತ್ತಾರೆಂದು ಅವಳು ದೇವರ ಚಿತ್ರದ ಹನ್ನೊಂದು ಕ್ಯಾಲೆಂಡರ್ ತಂದು ತೂಗುಹಾಕಿದಳು. ಯಾರೂ ಒರೆಸಲಿಲ್ಲ. ಎತ್ತಿನಗಾಡಿಯ ತುಕ್ರಪ್ಪ ಎದ್ದು, ಭಕ್ತಿಯಿಂದ ಕೈಮುಗಿದು, ಹನ್ನೊಂದು ದೇವರನ್ನೂ ಗೋಡೆಗೆ ಮುಖಮಾಡಿಸಿದ.

"ದೇವರ ಎದುರು ಕುಡಿಯುವುದು ಹೇಗೆ ಪೂವಕ್ಕ? ಪಾಪ ಅಲ್ವಾ?"

ಆಮೇಲೆ ಆ ಬಿಳಿ ಬೆನ್ನುಗಳಿಗೇ ಸುಣ್ಣ ಒರೆಸಿದ.

ಇವತ್ತೇ ಆ ಮುನ್ನಾದಿನ. ಬಿ.ಸಿ.ರೋಡಿನಲ್ಲಿ ಮುಚ್ಚಿಹೋದ ಕ್ಷೌರದಂಗಡಿಯ ಕನ್ನಡಿಯೊಂದನ್ನು ನಿನ್ನೆ ಅವಳು ಬಸ್ಸಿನಲ್ಲಿ ಮಗುವಿನಂತೆ ಅಪ್ಪಿಕೊಂಡು ತಂದಿದ್ದಾಳೆ. ಕ್ಯಾಲೆಂಡರ್ ಇಳಿಸಿ, ಗುರುತೆಲ್ಲ ಕೆರೆದು ತೆಗೆದಾಗಿದೆ; ಅದೀಗ ಗೋಡೆಯ ನಡುವೆ ತೂಗುತ್ತಿದೆ, ಆನೆ ನಿಂತರೂ ಬಾಲದವರೆಗೆ ಕಾಣುವಷ್ಟು ದೊಡ್ಡದು. ಹತ್ತು ಗಂಟೆಗೆ ಬಂದ ತುಕ್ರಪ್ಪ ಅಭ್ಯಾಸದಂತೆ ಬೆರಳು ಚಾಚುತ್ತಾನೆ, ಹಾಗೇ ನಿಲ್ಲುತ್ತಾನೆ.

"ಇದ್ಯಾರು ಮಾರಾಯ್ತಿ, ನನ್ನ ಮೂಗಿಗೆ ಸುಣ್ಣ ಹಚ್ಚಲಿಕ್ಕೆ ಬರುವವ?"

"ನಿನ್ನ ಹೆಂಡ್ತಿ ದಿನಾ ಸಹಿಸುವ ಮುಖ ಅದು. ನೀನೂ ಸ್ವಲ್ಪ ನೋಡು."

ಬೆಂಚುಗಳೆಲ್ಲ ನಗುತ್ತವೆ. ತುಕ್ರಪ್ಪ ಮೆಲ್ಲನೆ ಬೆರಳನ್ನು ತನ್ನ ಮುಂಡಿಗೇ ಒರೆಸುತ್ತಾನೆ. ಅವನ ಹಿಂದೆ ಬಂದವರೂ ಕನ್ನಡಿಯಲ್ಲಿ ತಮ್ಮನ್ನು ಕಂಡು ಕೈ ಹಿಂತೆಗೆಯುತ್ತಾರೆ. ಸಂಜೆ ಸಂಕಪ್ಪನವರು ಗೋಡೆಗೆ ಮೂಗು ತಾಗಿಸಿ ಹುಡುಕುತ್ತಾರೆ, ಏನೂ ಸಿಗುವುದಿಲ್ಲ.

"ಹಬ್ಬ ಮುಗಿಸಿ ಬೇಗ ಬಾ," ಎನ್ನುತ್ತಾರೆ.

ಪೂವಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾಳೆ. "ಒಂದು ದಿನ ನಾನೂ ಗಿರಾಕಿ ಹಾಗೆ ಬೆಂಚಿನಲ್ಲಿ ಕೂರ್ಬೇಕು ಅಂತ ಉಂಟು. ಕುಡೀಲಿಕ್ಕಲ್ಲ. ಗೋಡೆ ನೋಡ್ಲಿಕ್ಕೆ."